ಗದಗದಲ್ಲಿ ಸುಮ್ಮನೆ ಇಳಿದವಳು ಮೂರು ರಾತ್ರಿ ಉಳಿದೆ. ಮತ್ತೆ ಅಲ್ಲಿಗೇ ಹೋಗಲೋ, ಬೇರೆ ಊರು ನೋಡಲೋ?

ಅಚ್ಚುಮೊಳೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪ್ರಶ್ನೆ ಕೊನೆಯಲ್ಲಿದೆ.

ಕಳೆದ ಫೆಬ್ರವರಿಯಲ್ಲಿ ಒಬ್ಬಳೇ ಹಂಪಿಗೆ ಹೊರಟಿದ್ದೆ. ಹುಬ್ಬಳ್ಳಿಯಲ್ಲಿ ಹೊಸಪೇಟೆ ಬಸ್ಸು ಹತ್ತಿದೆ. ಅಣ್ಣಿಗೇರಿ ದಾಟುವಷ್ಟರಲ್ಲಿ ತಲೆನೋವು ಶುರುವಾಗಿ, ಗದಗ ಬರುವ ಹೊತ್ತಿಗೆ ಕಣ್ಣು ಬಿಡಲಿಕ್ಕೇ ಆಗಲಿಲ್ಲ. ಒಂದು ಚಹಾ ಕುಡಿದು ಮುಂದಿನ ಬಸ್ಸಿಗೆ ಹೋದರಾಯಿತು ಅಂತ ಇಳಿದೆ. ಇಳಿದವಳು ಮೂರು ರಾತ್ರಿ ಅಲ್ಲೇ ಉಳಿದೆ. ಹಂಪಿಗೆ ಹೋಗಲೇ ಇಲ್ಲ.

ಆ ಊರಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಶಾಲೆಯಲ್ಲಿ ಬಾಯಿಪಾಠ ಮಾಡಿದ ‘ಗದುಗಿನ ವೀರನಾರಾಯಣ’ ಅನ್ನುವ ಅಂಕಿತ ಒಂದೇ ನೆನಪಿತ್ತು. ಬಸ್ ನಿಲ್ದಾಣದ ಹತ್ತಿರ ಒಂದು ಲಾಡ್ಜಿನಲ್ಲಿ ರೂಮು ಹಿಡಿದು, ಮಾತ್ರೆ ನುಂಗಿ ಮಲಗಿದೆ. ಎದ್ದಾಗ ಸಂಜೆ ಏಳು. ತಲೆ ಹಗುರಾಗಿತ್ತು, ಹಸಿವಾಗಿತ್ತು. ಊಟ ಹುಡುಕಿಕೊಂಡು ಹೊರಟಾಗ ಒಂದು ಓಣಿಯ ಒಳಗಿನಿಂದ ಟ್ರೆಡಲ್ ಅನ್ನುವ ಹಳೇ ಅಚ್ಚಿನ ಯಂತ್ರದ ಸದ್ದು ಕೇಳಿಸಿತು.

ಅದನ್ನು ಕೇಳಿ ಬೆಳೆದವರಿಗೆ ವಿವರಿಸಬೇಕಿಲ್ಲ. ಕೇಳದವರಿಗೆ ಹೇಳುವುದಾದರೆ, ಮೊದಲು ದೊಡ್ಡ ಗಾಲಿಯ ಗುಂಯ್ ಅನ್ನುವ ಸದ್ದು, ಅದರ ಮೇಲೆ ಶಾಯಿ ಹತ್ತಿದ ರೋಲರು ಉರುಳುವ ಸಣ್ಣ ಚಿಟಪಟ, ಆಮೇಲೆ ಕಬ್ಬಿಣದ ಬಾಯಿ ಮುಚ್ಚಿಕೊಳ್ಳುವ ಟಕ್. ಮತ್ತೆ ಗುಂಯ್. ಅರಸೀಕೆರೆಯಲ್ಲಿ ನಮ್ಮಪ್ಪನ ಪ್ರೆಸ್ಸು ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ನಾನು ನಿದ್ದೆ ಹೋಗುತ್ತಿದ್ದದ್ದೇ ಆ ಸದ್ದಿಗೆ. ಆಫ್‌ಸೆಟ್ ಬಂದ ಮೇಲೆ ಕೆಲಸ ಕಡಿಮೆಯಾಗಿ 1998ರಲ್ಲಿ ಮುಚ್ಚಿದರು. ಯಂತ್ರ ಗುಜರಿಗೆ ಹೋಯಿತು, ಅಕ್ಷರದ ಸೀಸದ ಮೊಳೆಗಳು ತೂಕಕ್ಕೆ ಹೋದವು. ಅಲ್ಲಿಂದ ಮುಂದೆ ನಾನು ಆ ಸದ್ದನ್ನು ಎಲ್ಲೂ ಕೇಳಿರಲಿಲ್ಲ.

ಬಾಗಿಲಲ್ಲಿ ನಿಂತೆ. ಎಪ್ಪತ್ತು ದಾಟಿದ ಒಬ್ಬ ಅಜ್ಜ, ಬನಿಯನ್ನಿನ ಮೇಲೆ ಶಾಯಿ ಹತ್ತಿದ ಟವೆಲ್ಲು. ಬಲಗೈಯಲ್ಲಿ ಹಾಳೆ ಕೊಡುತ್ತಿದ್ದರು, ಎಡಗೈಯಲ್ಲಿ ತೆಗೆಯುತ್ತಿದ್ದರು. ಯಂತ್ರದ ಬಾಯಿ ತೆರೆದು ಮುಚ್ಚುವ ಅಷ್ಟೇ ಹೊತ್ತಿನಲ್ಲಿ ಎರಡೂ ಕೈ ಒಳಗೆ ಹೋಗಿ ಹೊರಗೆ ಬರಬೇಕು. ಅವರು ಹಾಳೆ ನೋಡುತ್ತಲೂ ಇರಲಿಲ್ಲ, ನನ್ನನ್ನು ನೋಡುತ್ತಿದ್ದರು.

“ಯಾಕವಾ, ಏನರೆ ಛಾಪಿಸೂದೈತೇನು?”

“ಇಲ್ಲ ಅಜ್ಜಾರೆ, ಸದ್ದು ಕೇಳಿ ನಿಂತೆ. ನಮ್ಮಪ್ಪನ ಹತ್ತಿರ ಇಂಥದ್ದೇ ಇತ್ತು.”

ಯಂತ್ರ ನಿಲ್ಲಿಸಿದರು. “ಬಾ ಒಳಗ” ಅಂದರು.

ಈಗ ಅಚ್ಚು ಹಾಕಲಿಕ್ಕೆ ಈ ಯಂತ್ರ ಯಾರಿಗೂ ಬೇಡವಂತೆ. ಪಕ್ಕದ ಆಫ್‌ಸೆಟ್ಟಿನಲ್ಲಿ ಅಚ್ಚಾದ ರಸೀದಿ ಪುಸ್ತಕಕ್ಕೆ ನಂಬರು ಹಾಕುವುದು, ಹರಿಯುವ ಕಡೆ ತೂತಿನ ಸಾಲು ಹೊಡೆಯುವುದು, ಲಗ್ನಪತ್ರಿಕೆಗೆ ಮಡಿಕೆಯ ಗೆರೆ ಒತ್ತುವುದು, ಇಷ್ಟೇ ಕೆಲಸ. ನಂಬರಿನ ಪೆಟ್ಟಿಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಒಳಗೆ ಸಣ್ಣ ಸಣ್ಣ ಗಾಲಿ. ಒಂದು ಸಲ ಒತ್ತಿದರೆ ಒಂದು ಅಂಕಿ ಮುಂದಕ್ಕೆ. ಶಾಯಿ ಗಟ್ಟಿಯಾಗಿ ಗಾಲಿ ಸಿಕ್ಕಿಕೊಂಡರೆ ಒಂದೇ ನಂಬರು ಎರಡು ಹಾಳೆಗೆ ಬೀಳುತ್ತದೆ, ಇಡೀ ಪುಸ್ತಕ ಹಾಳು. ಅದಕ್ಕೇ ಅವರು ಹಾಳೆ ನೋಡುವುದಿಲ್ಲ, ಕಿವಿ ಕೊಟ್ಟಿರುತ್ತಾರೆ. ಗಾಲಿ ತಿರುಗಿದರೆ ಟಕ್ಕಿನ ಹಿಂದೆ ಇನ್ನೊಂದು ಸಣ್ಣ ಕಿಟ್ ಕೇಳಬೇಕಂತೆ. ನನಗೆ ಎಷ್ಟು ಹೊತ್ತಾದರೂ ಆ ಕಿಟ್ ಬೇರೆಯಾಗಿ ಕೇಳಿಸಲಿಲ್ಲ. ಅವರು “ಈಗ”, “ಈಗ” ಅಂತ ಬೆರಳು ಎತ್ತಿ ತೋರಿಸುತ್ತಿದ್ದರು.

ಮೂಲೆಯಲ್ಲಿ ಎರಡು ಮೊಳೆ ಕೇಸು ಇನ್ನೂ ಇದ್ದವು. ಕನ್ನಡದ ಕೇಸು ನೋಡಿದವರಿಗೆ ಗೊತ್ತು, ಕಾಗುಣಿತಕ್ಕೆ ಬೇರೆ, ಒತ್ತಿಗೆ ಬೇರೆ, ಅರ್ಕಾವತ್ತಿಗೆ ಬೇರೆ ಖಾನೆ. ಚಿಕ್ಕಂದಿನಲ್ಲಿ ರಜೆ ಬಂದರೆ ಅಚ್ಚಾದ ಮೊಳೆಗಳನ್ನು ಬಿಡಿಸಿ ವಾಪಸು ಖಾನೆಗೆ ಹಾಕುವುದು ನನ್ನ ಕೆಲಸ. “ಜೋಡಸ್ತೀಯೇನು?” ಅಂತ ಮೊಳೆ ಜೋಡಿಸುವ ಸ್ಟಿಕ್ಕು ಕೈಗೆ ಕೊಟ್ಟರು. ಎಡದಿಂದ ಬಲಕ್ಕೇ ಜೋಡಿಸಬೇಕು, ಆದರೆ ಅಕ್ಷರ ತಲೆಕೆಳಗು. ಮೊಳೆಯ ಮೈಯಲ್ಲಿ ಒಂದು ಗೀರು ಇರುತ್ತದೆ, ಅದು ಹೆಬ್ಬೆರಳಿಗೆ ತಾಗುತ್ತಿರಬೇಕು. ತಾಗದಿದ್ದರೆ ಮೊಳೆ ತಿರುಗಿ ಕೂತಿದೆ ಅಂತ ಅರ್ಥ. ಇದೆಲ್ಲ ನನಗೆ ಮರೆತೇಹೋಗಿದೆ ಅಂದುಕೊಂಡಿದ್ದೆ. ಹೆಬ್ಬೆರಳು ಮರೆತಿರಲಿಲ್ಲ.

ಏನು ಜೋಡಿಸುವುದು ಅಂತ ತೋಚದೆ ಊರಿನ ಹೆಸರನ್ನೇ ಜೋಡಿಸಿದೆ. ಗ, ದ, ಗ. ಅಜ್ಜ ಬಗ್ಗಿ ನೋಡಿ, “ನಮ್ಮೂರ ಹೆಸರು ಜೋಡಿಸಾಕ ತಪ್ಪು ಆಗೂದಿಲ್ಲವಾ, ಎತ್ತಗಿಂದ ಓದಿದ್ರೂ ಗದಗ” ಅಂದರು. ಬೆರಳಲ್ಲಿ ಶಾಯಿ ಹಚ್ಚಿ, ಲಗ್ನಪತ್ರಿಕೆಯ ಕತ್ತರಿಸಿ ಉಳಿದ ರಟ್ಟಿನ ತುಂಡಿನ ಮೇಲೆ ಒತ್ತಿ ಕೊಟ್ಟರು. ಅದು ಈಗ ನನ್ನ ಮೇಜಿನ ಮೇಲಿದೆ. ಎರಡನೇ ಗ ಸ್ವಲ್ಪ ಮಸುಕು.

ಮರುದಿನ ಬೆಳಿಗ್ಗೆ ಹೊಸಪೇಟೆ ಬಸ್ಸಿಗೆ ನಿಂತಿದ್ದೆ. ಬಸ್ಸು ಬಂತು, ನಾನು ಹತ್ತಲಿಲ್ಲ. ಲಾಡ್ಜಿಗೆ ವಾಪಸು ಹೋಗಿ ಇನ್ನೊಂದು ದಿನಕ್ಕೆ ದುಡ್ಡು ಕಟ್ಟಿದೆ.

ಆ ದಿನ ವೀರನಾರಾಯಣ ಗುಡಿಗೆ ಹೋದೆ. ಕುಮಾರವ್ಯಾಸ ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ಬಂದು ಕೂರುತ್ತಿದ್ದ, ಬಟ್ಟೆ ಆರುವ ತನಕ ಪದ್ಯ ಹೊಮ್ಮುತ್ತಿತ್ತು ಅಂತ ಹೇಳುವ ಕಂಬ ಅಲ್ಲಿದೆ. ಆ ಕಂಬದ ಹತ್ತಿರ ಯೂನಿಫಾರ್ಮಿನ ಹುಡುಗಿಯೊಬ್ಬಳು ಲೆಕ್ಕ ಮಾಡುತ್ತ ಕೂತಿದ್ದಳು. ಪಾಠದ ಕೊನೆಯಲ್ಲಿ ಬರುತ್ತಿದ್ದ ಆ ಅಂಕಿತ, ನಡೆದು ತಲುಪಬಹುದಾದ ಒಂದು ಬೀದಿಯ ಗುಡಿ ಅಂತ ನನಗೆ ಅನ್ನಿಸಿದ್ದೇ ಅವತ್ತು. ತ್ರಿಕೂಟೇಶ್ವರದ ಸರಸ್ವತಿ ಗುಡಿಯ ಕಂಬಗಳ ಬಗ್ಗೆ ಬರೆಯಲು ಹೋಗುವುದಿಲ್ಲ, ಕಲ್ಲಿನಲ್ಲಿ ಅಷ್ಟು ನಯವಾದ ಕೆಲಸ ನಾನು ನೋಡಿಲ್ಲ. ಹೋಗಿ ನೋಡಿ.

ಮೂರನೇ ದಿನ ಲಕ್ಕುಂಡಿ, ಗದಗದಿಂದ ಸುಮಾರು 12 ಕಿ.ಮೀ. ಅಲ್ಲಿ ಮಾಣಿಕೇಶ್ವರ ಗುಡಿಯ ಪಕ್ಕ ಮುಸುಕಿನ ಬಾವಿ ಇದೆ. ಮೆಟ್ಟಿಲು ಇಳಿಯುತ್ತ ಹೋದರೆ ಎರಡೂ ಕಡೆ ಗೋಡೆಯಲ್ಲಿ ಪುಟ್ಟ ಪುಟ್ಟ ಗುಡಿಗಳು. ಕೆಳಗೆ ಹೋದಂತೆ ಹೊರಗಿನ ಬಿಸಿಲು ಬಿಟ್ಟುಹೋಗಿ ತಣ್ಣಗಾಯಿತು. ಅರ್ಧ ಗಂಟೆ ಒಬ್ಬಳೇ ಕೂತಿದ್ದೆ. ಮೇಲೆ ಬಂದಾಗ ಹತ್ತಿರದ ಮನೆಯ ಕಟ್ಟೆಯ ಮೇಲೆ ಶ್ಯಾವಿಗೆ ಒಣಹಾಕುತ್ತಿದ್ದ ಅಮ್ಮ ಕೇಳಿದರು: “ಬಾವಿ ನೋಡಿದ್ರೇನ್ರಿ?” ಹೂಂ ಅಂದೆ. “ಇನ್ನ ನೂರು ಉಳದಾವ ನೋಡ್ರಿ” ಅಂದರು. ಆ ಊರಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಅಂತ ಮಾತಿದೆಯಂತೆ. ಎಷ್ಟು ಸಹಜವಾಗಿ ಹೇಳಿದರು ಅಂದರೆ, ನಾನು ಸಂಜೆಯೊಳಗೆ ಎಲ್ಲ ಮುಗಿಸುತ್ತೇನೆ ಅಂತಲೇ ಅವರು ನಂಬಿದಂತಿತ್ತು.

ಒಂದು ವಿಷಯ ಮನಸ್ಸಿಗೆ ಚುಚ್ಚುತ್ತಿದೆ, ಅದನ್ನೂ ಹೇಳಬೇಕು. ಎರಡನೇ ದಿನದ ಸಂಜೆ ಗದಗಕ್ಕೆ ಅಂಟಿಕೊಂಡೇ ಇರುವ ಬೆಟಗೇರಿಯ ಓಣಿಯಲ್ಲಿ ಮಗ್ಗದ ಸದ್ದು ಕೇಳಿ, ತೆರೆದ ಬಾಗಿಲಿನಿಂದ ಒಂದು ಫೋಟೋ ತೆಗೆದುಬಿಟ್ಟೆ. ಕೇಳಲಿಲ್ಲ. ಮಗ್ಗದ ಮುಂದಿದ್ದ ಹೆಂಗಸು ಮುಖ ಆ ಕಡೆ ತಿರುಗಿಸಿದರು. ಏನೂ ಅನ್ನಲಿಲ್ಲ. ಫೋಟೋ ಅಲ್ಲೇ ಅಳಿಸಿದೆ, ಆದರೆ ಒಳಗೆ ಹೋಗಿ ತಪ್ಪಾಯಿತು ಅನ್ನಲು ಧೈರ್ಯ ಬರಲಿಲ್ಲ. ಹಿಂದಿನ ರಾತ್ರಿ ಪ್ರೆಸ್ಸಿನಲ್ಲಿ ಅಷ್ಟು ಹೊತ್ತು ಬಾಗಿಲಲ್ಲಿ ನಿಂತು ಕಾದಿದ್ದ ನಾನೇ ಹೀಗೆ ಮಾಡಿದೆನಲ್ಲ ಅಂತ ಈಗಲೂ ಬೇಸರ.

ಡಿಸೆಂಬರಿನಲ್ಲಿ ನಾಲ್ಕು ದಿನ ರಜೆ ಸಿಗುತ್ತದೆ. ಮತ್ತೆ ಒಬ್ಬಳೇ ಹೋಗಬೇಕು. ಗದಗಕ್ಕೇ ಹೋಗಲೋ, ಅಥವಾ ಇಂಥದ್ದೇ ಇನ್ನೊಂದು ಊರು ಇದೆಯೋ? ಮತ್ತೆ, ಕೆಲಸ ಮಾಡುವವರ ಹತ್ತಿರ ಹೋಗಿ ಮಾತಾಡಿಸುವಾಗ ಅವರಿಗೆ ತೊಂದರೆ ಆಗದ ಹಾಗೆ ಹೇಗೆ ನಡೆದುಕೊಳ್ಳಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.

ಬೆಟಗೇರಿಯಾಂವ ಬರೆದದ್ದು:

ಅಕ್ಕಾರ, ನಮಸ್ಕಾರ್ರಿ. ನಿಮ್ಮ ಬರಹ ಓದಿ ನಮ್ಮ ಅವ್ವಗ ಓದಿ ಹೇಳಿದೆ. ಆಕಿನೂ ಮಗ್ಗದ ಮ್ಯಾಲ ಕುಂತಾಕಿನ. ಆಕಿ ಏನಂದ್ಲು ಅಂದ್ರ, “ಮಾರಿ ತಿರುವಿದ್ದು ಸಿಟ್ಟಿಗಲ್ಲ, ಮನ್ಯಾನ ಹರಕ ಸೀರಿ ಉಟ್ಟಿರತೀವಿ, ತಲಿ ಹಿಕ್ಕೊಂಡಿರಂಗಿಲ್ಲ, ಹಂತಾದ್ರಾಗ ಫೋಟೋ ಯಾರಿಗೆ ಬೇಕು” ಅಂತ. ಅದಕ್ಕ ನೀವು ಅದನ್ನ ಭಾಳ ಮನಸಿಗೆ ಹಚ್ಕೋಬ್ಯಾಡ್ರಿ. ಆದ್ರ ಕೇಳೂದು ಕೇಳಬೇಕು, ಅದು ಖರೆ.

ಇನ್ನೊಂದು ತಿಳ್ಕೋರಿ. ಮಗ್ಗದಾಗ ದಿನಗೂಲಿ ಇಲ್ಲ, ಎಷ್ಟು ಸೀರಿ ಇಳೀತಾವೋ ಅಷ್ಟ ರೊಕ್ಕ. ಲಾಳಿ ನಿಂತ್ರ ಕೂಲಿನೂ ನಿಂತಂಗ. ಯಾರರ ಬಂದು ಮಾತಿಗೆ ಕುಂತ್ರ ಮರ್ಯಾದಿಗೆ ಮಾತಾಡತಾರ, ಆದ್ರ ಆ ಹೊತ್ತು ರಾತ್ರಿ ತುಂಬಬೇಕಾಗತೈತಿ. ಸಂಜಿ ನಾಕರ ಸುಮಾರಿಗೆ ಚಹಾಕ್ಕ ಏಳ್ತಾರ, ಆವಾಗ ಹೋಗ್ರಿ. ಇಲ್ಲಾಂದ್ರ ಲಾಳಿಗೆ ಹಾಕೋ ನೂಲಿನ ಕಂಡಿಕಿ ಸುತ್ತೋ ಮುದುಕ್ಯಾರ ಹತ್ರ ಕುಂದರ್ರಿ. ಅವ್ರ ಕೈ ನಿಲ್ಲಂಗಿಲ್ಲ, ಬಾಯೂ ನಿಲ್ಲಂಗಿಲ್ಲ. ಊರಿನ ಇತಿಹಾಸ ಎಲ್ಲಾ ಅಲ್ಲೇ ಸಿಗತೈತಿ.

ನಮ್ಮೂರಿಗೆ ಮುದ್ರಣ ಕಾಶಿ ಅಂತ ಹೆಸರೈತ್ರಿ, ಅದು ನಿಮಗ ಗೊತ್ತಿಲ್ಲದನ ನೀವು ಸೀದಾ ಪ್ರೆಸ್ಸಿನ ಬಾಗಲಿಗೆ ಹೋಗಿ ನಿಂತೀರಿ ನೋಡ್ರಿ! ನೋಟ್‌ಬುಕ್ಕು, ಕ್ಯಾಲೆಂಡರು, ಕಿರ್ದಿ ಪುಸ್ತಕ, ಲಗ್ನಪತ್ರಿಕಿ, ಇದರಾಗ ಎಷ್ಟೋ ಮನಿ ನಡೀತಾವ ಇಲ್ಲಿ.

ಆದ್ರ ನೀವು ವೀರೇಶ್ವರ ಪುಣ್ಯಾಶ್ರಮಕ್ಕ ಹೋಗಿಲ್ಲ, ಅದು ನನಗ ಭಾಳ ಕೆಟ್ಟ ಅನಸ್ತು. ಪಂಚಾಕ್ಷರಿ ಗವಾಯಿಗಳು ಕಟ್ಟಿದ್ದು, ಅವರಿಗೂ ಕಣ್ಣು ಕಾಣತಿದ್ದಿಲ್ಲ, ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಾಣತಿದ್ದಿಲ್ಲ. ಪುಟ್ಟರಾಜ ಅಜ್ಜಾರು 2010ರಾಗ ಲಿಂಗೈಕ್ಯ ಆದ್ರು, ಅದ ವರ್ಷ ಪದ್ಮಭೂಷಣ ಬಂದಿತ್ತು. ಬಸವರಾಜ ರಾಜಗುರು ಅವರು ಪಂಚಾಕ್ಷರಿ ಗವಾಯಿಗಳ ಹತ್ರ ಕಲ್ತವರು. ಈಗೂ ಕಣ್ಣಿಲ್ಲದ ಹುಡುಗ್ರು ಅಲ್ಲೇ ಇದ್ದು, ಉಂಡು, ಹಾಡು ಕಲೀತಾವ. ಒಂದು ಕಡೆ ತಬಲಾ, ಒಂದು ಕಡೆ ಹಾರ್ಮೋನಿಯಂ, ಸಣ್ಣ ಹುಡುಗ ಒಂದ ಪಲುಕು ಇಪ್ಪತ್ತು ಸಲ ಹಾಡತಿರತೈತಿ. ನಿಮ್ಮ ಪ್ರೆಸ್ಸಿನ ಅಜ್ಜ ಕಿವಿ ಕೊಟ್ಟ ಕೆಲಸಾ ಮಾಡತಾನ ಅಂದ್ರೆಲ್ಲ, ಇಲ್ಲಿ ಇಡೀ ಮನಿನ ಕಿವಿ ಮ್ಯಾಲ ನಡೀತೈತಿ.

ಡಿಸೆಂಬರಿಗೆ ಬರತೀರಿ ಅಂದ್ರ ಮಾಗಡಿ ಕೆರಿ ಬಿಡಬ್ಯಾಡ್ರಿ. ನಿಮ್ಮ ಬೆಂಗಳೂರ ಕಡಿ ಮಾಗಡಿ ಅಲ್ಲ, ಶಿರಹಟ್ಟಿ ತಾಲೂಕಿಂದು. ತಲಿ ಮ್ಯಾಲ ಎರಡು ಕರೆ ಪಟ್ಟಿ ಇರೋ ಹೆಬ್ಬಾತು ಹಿಮಾಲಯ ದಾಟಿ ಬರತಾವ, ಹೊಲಕ್ಕ ಹೋಗಿ ಮೇದು ಬಂದು ಕೆರ್‍ಯಾಗ ಇಳೀತಾವ. 2024ರಾಗ ಅದಕ್ಕ ರಾಮ್ಸಾರ್ ಪಟ್ಟಿ ಒಳಗ, ಅಂದ್ರ ಜಗತ್ತಿನ ಮುಖ್ಯ ಕೆರಿ-ಜೌಗು ಜಾಗಾದ ಪಟ್ಟಿ ಒಳಗ, ಜಾಗಾ ಸಿಕ್ತು. ಒಂದ ಹೊತ್ತಿಗೆ ಎಲ್ಲಾ ಎದ್ದು ಹಾರಿದ್ರ ಆ ಸಪ್ಪಳ ಕೇಳಬೇಕ್ರಿ. ನೀವು ಸಪ್ಪಳದ ಮಂದಿ, ನಿಮಗ ಸೇರತೈತಿ.

ಬರೂ ಮುಂದ ಹೇಳ್ರಿ. ನಮ್ಮ ಅವ್ವ ಜ್ವಾಳದ ರೊಟ್ಟಿ ಬಡದು ಇಟ್ಟಿರತಾಳ. ಫೋಟೋ ತಗೀಬೇಕಂದ್ರ ಮೊದಲ ಹೇಳ್ರಿ, ಇಳಕಲ್ ಸೀರಿ ಉಟ್ಟು ಕುಂದರತಾಳಂತ.

ಕೊನೇ ಬಸ್ಸು ಬರೆದದ್ದು:

ನಾನು ಬೀಜ ಮಾರಾಟದ ಕೆಲಸಕ್ಕೆ ಹನ್ನೆರಡು ವರ್ಷದಿಂದ ಒಬ್ಬಳೇ ತಾಲೂಕು ಊರುಗಳನ್ನು ಸುತ್ತುತ್ತಿದ್ದೇನೆ. ಯಾವ ಊರು ಅನ್ನುವುದಕ್ಕೆ ಬೇರೆಯವರು ಹೇಳಲಿ, ಒಬ್ಬಳೇ ಹೋಗುವ ಬಗ್ಗೆ ಒಂದಷ್ಟು ಹೇಳುತ್ತೇನೆ. ನೀವು ತಲೆನೋವಿನಲ್ಲಿ ಯಾವುದೋ ಲಾಡ್ಜಿಗೆ ಹೋಗಿ ಮಲಗಿದಿರಿ ಅಂತ ಓದುವಾಗ ನನಗೆ ಸ್ವಲ್ಪ ಗಾಬರಿಯೇ ಆಯಿತು.

ಹೊಸ ಊರಿಗೆ ಬೆಳಕಿರುವಾಗಲೇ ಹೋಗಿ ಇಳಿಯಿರಿ. ರೂಮು ನೋಡದೆ ದುಡ್ಡು ಕೊಡಬೇಡಿ. ಒಳಗಿನ ಚಿಲಕ ನೀವೇ ಹಾಕಿ ತೆಗೆದು ನೋಡಿ, ಸಡಿಲ ಇದ್ದರೆ ಬೇರೆ ರೂಮು ಕೇಳಿ, ಸಂಕೋಚ ಬೇಡ. ಲಕ್ಕುಂಡಿಯಂಥ ಕಡೆ ಹೋಗುವಾಗ ವಾಪಸು ಬರುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಕಂಡಕ್ಟರನ್ನೂ ಕೇಳಿ, ಅಲ್ಲಿ ಇಳಿದ ಮೇಲೆ ಅಂಗಡಿಯವರನ್ನೂ ಕೇಳಿ. ಇಬ್ಬರ ಉತ್ತರ ಬೇರೆ ಇದ್ದರೆ ಮೊದಲಿನ ಹೊತ್ತನ್ನೇ ನಂಬಿ. ಮೂರು ಗಂಟೆ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಕಲಿತ ಪಾಠ ಇದು.

“ಒಬ್ಬರ ಬಂದೀರೇನ್ರಿ?” ಅಂತ ಎಲ್ಲರೂ ಕೇಳುತ್ತಾರೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಈಗ ಯಾರು ಕೇಳಿದರು, ಹೇಗೆ ಕೇಳಿದರು ಅಂತ ನೋಡುತ್ತೇನೆ. ಖಾನಾವಳಿಯಲ್ಲಿ ರೊಟ್ಟಿ ಬಡಿಸುವ ಅಕ್ಕ ಕೇಳಿದರೆ ಅದು ಅಕ್ಕರೆ. ನಾಲ್ಕು ಮಾತು ಆಡಿ, ಅವರಿಂದಲೇ ಆ ಊರಿನ ಬಾಗಿಲು ತೆರೆಯುತ್ತದೆ. ಲಾಡ್ಜಿನ ಮೆಟ್ಟಿಲಲ್ಲಿ ನಿಂತವನು ಕೇಳಿದರೆ “ಮಂದಿ ಬರ್ತಾರೆ” ಅಂದು ಮುಂದೆ ನಡೆಯಿರಿ.

ಕೆಲಸ ಮಾಡುವವರ ವಿಷಯ. ಯಾಕೆ ಬಂದೆ ಅನ್ನುವುದನ್ನು ಒಂದೇ ಮಾತಲ್ಲಿ ಹೇಳಿಬಿಡಬೇಕು. ನೀವು “ನಮ್ಮಪ್ಪನ ಹತ್ತಿರ ಇಂಥದ್ದೇ ಇತ್ತು” ಅಂದಿರಲ್ಲ, ಅಷ್ಟಕ್ಕೇ ಆ ಅಜ್ಜ ಯಂತ್ರ ನಿಲ್ಲಿಸಿದ್ದು. ಸುಮ್ಮನೆ ನೋಡಲಿಕ್ಕೆ ಬಂದೆ ಅಂದಿದ್ದರೆ ಬಹುಶಃ ನಿಲ್ಲಿಸುತ್ತಿರಲಿಲ್ಲ. ಇನ್ನು, ಹೋಗುವಾಗ ಕೈಗೆ ದುಡ್ಡು ಇಡಬೇಡಿ, ಅವರಿಗೂ ಕಷ್ಟ, ನಿಮಗೂ ಕಷ್ಟ. ಕೆಲಸ ಕೊಡಿ. ನೂರು ವಿಳಾಸದ ಚೀಟಿ ಅಚ್ಚು ಹಾಕಿಸಿ. ಮಗ್ಗದ ಮನೆಯಲ್ಲಿ ಒಂದು ಸೀರೆ ಕೊಳ್ಳಿ, ಚೌಕಾಸಿ ಮಾಡದೆ. ಆಗ ನೀವು ಗಿರಾಕಿ, ಎಷ್ಟು ಹೊತ್ತು ಕೂತರೂ ಯಾರಿಗೂ ಭಾರವಲ್ಲ.

ಬೆಂಡಿನ ಬಾಸಿಂಗ ಬರೆದದ್ದು:

ನಮ್ಮ ಸಾಗರಕ್ಕೆ ಬನ್ನಿ. ಜೋಗ ನೋಡಲು ಬರುವವರೆಲ್ಲ ನಮ್ಮ ಊರಿನ ಮೇಲೆ ಹೋಗುತ್ತಾರೆ, ಹೆಚ್ಚಿನವರು ತಿಂಡಿ ತಿಂದು ಮುಂದೆ ಹೋಗಿಬಿಡುತ್ತಾರೆ. ಈ ಬೇಸರ ನಮಗೆ ಯಾವಾಗಲೂ ಇದೆ.

ನಿಮಗೆ ಕೈಕೆಲಸದ ಮೇಲೆ ಪ್ರೀತಿ ಅಂತ ಕಾಣುತ್ತದೆ, ಹಾಗಾಗಿ ಹೇಳುತ್ತೇನೆ. ಇಲ್ಲಿ ಗುಡಿಗಾರರಿದ್ದಾರೆ. ಶ್ರೀಗಂಧದ ಕೆತ್ತನೆಗೆ ಹೆಸರಾದವರು. ಎಲ್ಲರೂ ಅದನ್ನೇ ಕೇಳುತ್ತಾರೆ. ನೀವು ಬೆಂಡಿನ ಕೆಲಸ ನೋಡಿ. ನೀರಿನಲ್ಲಿ ಬೆಳೆಯುವ ಒಂದು ಗಿಡದ ಬೆಂಡನ್ನು ಹರಿತವಾದ ಚೂರಿಯಲ್ಲಿ ಕಾಗದದಷ್ಟು ತೆಳ್ಳಗೆ ಸುರುಳಿ ಬಿಚ್ಚಿದ ಹಾಗೆ ಸೀಳಿ, ಅದರಿಂದ ಹೂವು ಮಾಡಿ, ಮದುಮಕ್ಕಳ ಬಾಸಿಂಗ ಕಟ್ಟುತ್ತಾರೆ. ನನ್ನ ಮದುವೆಯ ಬಾಸಿಂಗ ಕಟ್ಟುವಾಗ ನಾನು ಹತ್ತಿರ ಕೂತು ನೋಡಿದ್ದೇನೆ. ಉಸಿರು ಜೋರಾಗಿ ಬಿಟ್ಟರೆ ಎದುರಿನ ಹೂವೆಲ್ಲ ಹಾರಿಹೋಗುತ್ತದೆ ಅಂತ ನನ್ನನ್ನು ಸ್ವಲ್ಪ ದೂರ ಕೂರಿಸಿದ್ದರು. ತಲೆಗೆ ಕಟ್ಟಿದರೆ ತೂಕವೇ ಗೊತ್ತಾಗುವುದಿಲ್ಲ.

ಇಕ್ಕೇರಿಯ ಅಘೋರೇಶ್ವರ ಗುಡಿ ಆಟೋದಲ್ಲಿ ಹೋಗಿ ಬರುವಷ್ಟು ಹತ್ತಿರ. ಹೆಗ್ಗೋಡಿನ ನೀನಾಸಮ್ ಹೆಸರು ಕೇಳಿರುತ್ತೀರಿ. 1949ರಲ್ಲಿ ಹಳ್ಳಿಯ ಜನ ಕಟ್ಟಿದ ನಾಟಕ ಸಂಘ, ಮುಂದೆ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಡಿಕೆ ತೋಟದ ಮಧ್ಯೆ ಅಂಥ ರಂಗಮಂದಿರ ಇದೆ ಅನ್ನುವುದೇ ನೋಡಿದವರಿಗೆ ಆಶ್ಚರ್ಯ. ಡಿಸೆಂಬರ್ ಅಂದರೆ ಅಡಿಕೆ ಕೊಯ್ಲಿನ ಕಾಲ. ಮನೆಮನೆಯಲ್ಲೂ ಅಡಿಕೆ ಸುಲಿಯುವುದು, ಬೇಯಿಸುವುದು ನಡೆದಿರುತ್ತದೆ. ರಾತ್ರಿ ಸುಲಿಯುವವರ ಜೊತೆ ಕೂತರೆ ಮಾತಿಗೆ ಕೊನೆಯೇ ಇಲ್ಲ, ಯಾರ ಕೆಲಸವೂ ನಿಲ್ಲುವುದಿಲ್ಲ.

ಹಳೇ ಗಾರ್ಡು ಬರೆದದ್ದು:

ತಂಗಿ, ನಾನು ರೈಲ್ವೆಯಲ್ಲಿ ಇದ್ದು ನಿವೃತ್ತನಾದವನು. ಬೇರೆಯವರು ಹೇಳಿದ್ದೆಲ್ಲ ಸರಿ, ನಾನು ನಿನ್ನ ಮೊದಲ ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತೇನೆ.

ಗುಳೇದಗುಡ್ಡಕ್ಕೆ ನಾನು ಮೂರು ಸಲ ಹೋಗಿದ್ದೇನೆ. ಕುಪ್ಪಸದ ಖಣ ನೇಯುವ ಊರು ಅದು. ಮೊದಲ ಸಲ ಏನೂ ಗೊತ್ತಿಲ್ಲದೆ ಹೋಗಿ, ಗುಡ್ಡದ ಕೆಳಗಿನ ಆ ಓಣಿಗಳಲ್ಲಿ ಬಾಗಿಲು ಬಾಗಿಲಿಗೂ ಮಗ್ಗ ನೋಡಿ ಮನಸ್ಸು ತುಂಬಿ ಬಂದಿದ್ದೆ. ಎರಡನೇ ಸಲ ಅದೇ ಸಂತೋಷ ಬೇಕು ಅಂತ ಹೋದೆ. ಸಿಗಲಿಲ್ಲ. ಬಿಸಿಲು ಜೋರಿತ್ತು, ನಾನು ಕಂಡಿದ್ದ ಮನೆಗೆ ಬೀಗ ಹಾಕಿತ್ತು, ಊರು ಬರೀ ಊರಾಗಿತ್ತು. ಯಾಕೆ ಬಂದೆನಪ್ಪ ಅನ್ನಿಸಿತ್ತು. ಮೂರನೇ ಸಲ ಹೋದದ್ದು ಬೇರೆ ಕೆಲಸಕ್ಕೆ. ಚಹಾ ಅಂಗಡಿಯವನು ಗುರುತು ಹಿಡಿದು “ಭಾಳ ದಿನಾ ಆತಲ್ರಿ ಸಾಹೇಬ್ರ” ಅಂದ. ಅವತ್ತಿನಿಂದ ಅದು ನನ್ನ ಊರು.

ಹಾಗಾಗಿ ಗದಗಕ್ಕೆ ಹೋಗು. ಆದರೆ ಮೊದಲ ರಾತ್ರಿಯಂಥದ್ದೇ ಇನ್ನೊಂದು ರಾತ್ರಿ ಬೇಕು ಅಂತ ಹೋಗಬೇಡ. ಆ ಹಿರಿಯರ ಪ್ರೆಸ್ಸಿಗೆ ಬೀಗ ಹಾಕಿದ್ದರೂ ಹಾಕಿರಬಹುದು, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಹೋಗು. ಮತ್ತೆ ನಿಮ್ಮ ತಂದೆಗೆ ಈ ಕಥೆ ಹೇಳಿದೆಯೋ ಇಲ್ಲವೋ? ನೀನು ಬರೆದೇ ಇಲ್ಲ.

ಅಚ್ಚುಮೊಳೆ ಬರೆದದ್ದು:

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಎರಡು ದಿನದಿಂದ ಓದಿ ಓದಿ ಇಟ್ಟಿದ್ದೆ, ಇವತ್ತು ಉತ್ತರ ಬರೆಯುತ್ತಿದ್ದೇನೆ.

ಬೆಟಗೇರಿಯವರೇ, ನಿಮ್ಮ ಅಮ್ಮ ಹೇಳಿದ ಮಾತು ಓದಿ ಮನಸ್ಸು ಹಗುರವಾಯಿತು. ಅವರಿಗೆ ನನ್ನ ನಮಸ್ಕಾರ ಹೇಳಿ. ಕೈಯಲ್ಲಿ ಮೊಬೈಲು ಹಿಡಿಯದೆ, ನಾಲ್ಕು ಗಂಟೆಗೆ ಸರಿಯಾಗಿ, ಚಹಾದ ಹೊತ್ತಿಗೆ ಬರುತ್ತೇನೆ. ಆ ಓಣಿ ನೆನಪಿದೆ, ಆ ಮನೆಯ ನೀಲಿ ಬಾಗಿಲೂ ನೆನಪಿದೆ. ಅವರು ನನ್ನನ್ನು ಮರೆತಿರಬಹುದು. ಆದರೂ ಹೋಗಿ ಹೇಳಬೇಕಾದದ್ದನ್ನು ಹೇಳಿ, ಒಂದು ಸೀರೆ ತೆಗೆದುಕೊಂಡು ಬರುತ್ತೇನೆ. ಪುಣ್ಯಾಶ್ರಮಕ್ಕೆ ಒಂದು ಬೆಳಿಗ್ಗೆ ಪೂರ್ತಿ ಇಟ್ಟಿದ್ದೇನೆ, ಮಾಗಡಿ ಕೆರೆಗೆ ಇನ್ನೊಂದು.

ಕೊನೇ ಬಸ್ಸು ಅವರೇ, ಚಿಲಕದ ಮಾತು ನನ್ನ ತಂಗಿಗೂ ಓದಿ ಹೇಳಿದೆ. ಅವಳೂ ಒಬ್ಬಳೇ ಓಡಾಡುವವಳು. ಚೀಟಿ ಅಚ್ಚು ಹಾಕಿಸುವ ಯೋಚನೆ ನನಗೆ ಹೊಳೆದೇ ಇರಲಿಲ್ಲ, ಎಷ್ಟು ಸರಿಯಾದ ಮಾತು. ಸಾಗರ ಈ ಸಲ ಆಗುವುದಿಲ್ಲ, ನಾಲ್ಕೇ ದಿನ. ಆದರೆ ಬಾಸಿಂಗದ ಮುಂದೆ ಉಸಿರು ಹಿಡಿದು ಕೂರುವುದನ್ನು ಬಿಡುವುದಿಲ್ಲ, ಮುಂದಿನ ಅಡಿಕೆ ಕೊಯ್ಲಿಗೆ ಖಂಡಿತ.

ಗಾರ್ಡು ಅವರೇ, ಅಪ್ಪನಿಗೆ ಹೇಳಿರಲಿಲ್ಲ. ಅವರು ಪ್ರೆಸ್ಸಿನ ಮಾತು ಆಡುವುದೇ ಇಲ್ಲ, ನಾವೂ ಎತ್ತುವುದಿಲ್ಲ. ಹಾಗೇ ನಡೆದುಕೊಂಡು ಬಂದಿತ್ತು. ನೀವು ಕೇಳಿದ ಮೇಲೆ ಭಾನುವಾರ ಊರಿಗೆ ಹೋದಾಗ ಆ ರಟ್ಟಿನ ತುಂಡು ತೆಗೆದುಕೊಂಡು ಹೋಗಿ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದು ನೋಡಿದರು. “ಎರಡನೇ ಗ ಸವೆದಿದೆ” ಅಂದರು, ಮೊದಲು ಅಷ್ಟೇ. ಆಮೇಲೆ ಯಂತ್ರ ಎಷ್ಟು ದೊಡ್ಡದು, ಕಾಲಲ್ಲಿ ತುಳಿಯುತ್ತಾರೋ ಮೋಟರು ಹಾಕಿಸಿದ್ದಾರೋ, ನಂಬರು ಪೆಟ್ಟಿಗೆಗೆ ಯಾವ ಎಣ್ಣೆ ಬಿಡುತ್ತಾರೆ, ಒಂದೊಂದೇ ಕೇಳಲು ಶುರು ಮಾಡಿದರು. ನನಗೆ ಅರ್ಧಕ್ಕೆ ಉತ್ತರ ಗೊತ್ತಿರಲಿಲ್ಲ. ನಂಬರು ಬಿದ್ದಾಗ ಬರುವ ಆ ಎರಡನೇ ಕಿಟ್ ನನಗೆ ಕೇಳಿಸಲಿಲ್ಲ ಅಂದಾಗ, ನಾಲಿಗೆಯಲ್ಲಿ ಆ ಸದ್ದು ಮಾಡಿ ತೋರಿಸಿದರು.

ಅವರ ಮೊಣಕಾಲು ಪ್ರಯಾಣಕ್ಕೆ ಬಗ್ಗುವುದಿಲ್ಲ, ನಾನೊಬ್ಬಳೇ ಹೋಗುವುದು. ರಾತ್ರಿ ರೈಲಿಗೆ ಟಿಕೆಟ್ ಆಗಿದೆ. ಹೊರಡುವಾಗ ಅಪ್ಪ ಬೀರುವಿನಿಂದ ಅವರ ಹಳೇ ಸ್ಟಿಕ್ಕು ತೆಗೆದು ಎಣ್ಣೆ ಒರೆಸಿ ಕೊಟ್ಟರು, ಆ ಅಜ್ಜನಿಗೆ ಕೊಡು ಅಂತ. ಅದು ಇನ್ನೂ ಮನೆಯಲ್ಲಿತ್ತು ಅನ್ನುವುದೇ ನಮಗ್ಯಾರಿಗೂ ಗೊತ್ತಿರಲಿಲ್ಲ. ಜೊತೆಗೆ ಒಂದು ವಿಷಯ ಕೇಳಿಕೊಂಡು ಬರಲು ಹೇಳಿದ್ದಾರೆ. ಆ ಅಜ್ಜನ ಕೇಸಿನಲ್ಲಿ 12 ಪಾಯಿಂಟ್ ಅಳತೆಯ ಅರ್ಕಾವತ್ತು ಸಾಕಷ್ಟು ಇರುತ್ತಿತ್ತಾ ಅಂತ. ನಮ್ಮಲ್ಲಿ ಯಾವಾಗಲೂ ಅದೇ ಕಡಿಮೆ ಬೀಳುತ್ತಿತ್ತಂತೆ.